ವಾಣಿಜ್ಯ ಕಟ್ಟಡಗಳಿಗೆ ಕಡಿಮೆ ಇಳಿಜಾರಿನ ಮೇಲ್ಛಾವಣಿಯ ಆಯ್ಕೆ: ಬಸ್ತಿಹಳ್ಳಿ ಪರಿಸರದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು, ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥ ಬಸದಿಗಳಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯು 1133ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ನಿರ್ಮಾಣಗೊಂಡಿತು. ಸಮೀಪದ ಹೊಯ್ಸಳೇಶ್ವರ ದೇವಾಲಯವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಈ ಪರಿಸರದಲ್ಲಿ ಅಂಗಡಿ, ಹೋಟೆಲ್, ವಸತಿಗೃಹ ಅಥವಾ ಗೋದಾಮಿನ ಛಾವಣಿಯನ್ನು ಬದಲಾಯಿಸುವವರು ಸಾಮಗ್ರಿಯ ಬೆಲೆಯೊಂದಿಗೆ ಕಾನೂನಿನ ಮಿತಿಯನ್ನೂ ಗಮನಿಸತಕ್ಕದ್ದು.

1. ನಿಷೇಧಿತ ಮತ್ತು ನಿಯಂತ್ರಿತ ಪ್ರದೇಶ

1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ.

ನಿಷೇಧಿತ ಪ್ರದೇಶದಲ್ಲಿ 16-6-1992ಕ್ಕೆ ಮುಂಚೆ ಇದ್ದ ಕಟ್ಟಡದ ಅಥವಾ ಆ ಬಳಿಕ ವಿಧಿವತ್ತಾದ ಅನುಮೋದನೆ ಪಡೆದು ಕಟ್ಟಿದ ಕಟ್ಟಡದ ದುರಸ್ತಿ ಹಾಗೂ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು ರೂಢಿಯಲ್ಲಿದೆ. ಆದರೆ ಅಧಿನಿಯಮವು ಕಟ್ಟಡದ ಮೇಲ್ಮುಖ ಸೇರ್ಪಡೆಯನ್ನು ಸಹ ‘ನಿರ್ಮಾಣ’ವೆಂದು ವ್ಯಾಖ್ಯಾನಿಸುತ್ತದೆ. ಆದುದರಿಂದ ನಿಷೇಧಿತ ಪ್ರದೇಶದಲ್ಲಿ ಈ ಕ್ರಮವನ್ನು ದುರಸ್ತಿಯೆಂದು ಭಾವಿಸಿ ಹಣ ವ್ಯಯಿಸಬಾರದು. ಇರುವ ತಾರಸಿಗೇ ಜಲನಿರೋಧಕ ಪದರ ಹಾಕಿಸಲು ಅನುಮತಿ ಕೋರುವುದು ಸೂಕ್ತ.

2. ವಾಟ ಮತ್ತು ಭಾರ

ಗಾರೆಯವರು ‘ವಾಟ’ ಎನ್ನುವ ಇಳಿಜಾರು ತಾರಸಿಯಲ್ಲಿ ಕನಿಷ್ಠ 100ಕ್ಕೆ 1ರಷ್ಟಿರಬೇಕು. ಅಂದರೆ 6 ಮೀಟರ್ ಉದ್ದಕ್ಕೆ 6 ಸೆಂ.ಮೀ. ಇಳಿಕೆ. 100 ಚದರ ಮೀಟರ್ ತಾರಸಿಯ ಮೇಲೆ 25 ಮಿ.ಮೀ. ನೀರು ನಿಂತರೆ 2,500 ಕೆ.ಜಿ. ಭಾರ ಬೀಳುತ್ತದೆ. ನೀರಿನ ಕೊಳವೆಗಳು ಎರಡಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳುವುದು ಕ್ಷೇಮಕರ; ಒಂದು ಕಟ್ಟಿಕೊಂಡರೂ ಇನ್ನೊಂದರಿಂದ ನೀರು ಹರಿಯುತ್ತದೆ.

3. ಪದ್ಧತಿಗಳ ಹೋಲಿಕೆ

ಅ) ಇಟ್ಟಿಗೆ ಜಲ್ಲಿ ಮತ್ತು ಗಾರೆ: ವಾಟವನ್ನೂ ಬಿಸಿಲಿನಿಂದ ರಕ್ಷಣೆಯನ್ನೂ ಒಟ್ಟಿಗೆ ಒದಗಿಸುತ್ತದೆ. 10 ಸೆಂ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರವಾಗುವುದರಿಂದ ಹಳೆಯ ಕಟ್ಟಡಗಳಿಗೆ ಇಂಜಿನಿಯರರ ಪರಿಶೀಲನೆ ಅವಶ್ಯ.

ಆ) ಬಿಟುಮೆನ್ ಹಾಳೆ: 3ರಿಂದ 4 ಮಿ.ಮೀ. ದಪ್ಪದ ಹಾಳೆಯನ್ನು ಬೆಂಕಿಯ ಜ್ವಾಲೆಯಿಂದ ಕಾಯಿಸಿ ಅಂಟಿಸಲಾಗುತ್ತದೆ. ಹಗುರವಾಗಿದ್ದು, ಬಿಸಿಲು ತಾಗದಂತೆ ಮೇಲ್ಹೊದಿಕೆ ಬೇಕು. ಮರದ ತೊಲೆಯ ಮದ್ರಾಸ್ ತಾರಸಿಗಳಲ್ಲಿ ಬೆಂಕಿಯ ಅಪಾಯವಿರುವುದರಿಂದ ಈ ವಿಧಾನವನ್ನು ವರ್ಜಿಸುವುದು ಲೇಸು.

ಇ) ದ್ರವ ಲೇಪನ: ಕೊಳವೆ, ಮೂಲೆಗಳು ಹೆಚ್ಚಿರುವ ತಾರಸಿಗೆ ಅನುಕೂಲಕರ. ಬಿಳಿ ಲೇಪನವು ಕಟ್ಟಡದೊಳಗಿನ ಬಿಸಿಯನ್ನು ತಗ್ಗಿಸುತ್ತದೆ. ಆದರೆ ವಾಟದ ದೋಷವನ್ನು ಲೇಪನವು ಸರಿಪಡಿಸಲಾರದು. ಕೆಲವು ವರ್ಷಗಳಿಗೊಮ್ಮೆ ಮರುಲೇಪನ ಅಗತ್ಯ.

ಈ) ಲೋಹದ ಶೀಟು: ಚದರ ಮೀಟರಿಗೆ ಸುಮಾರು 5 ಕೆ.ಜಿ. ಮಾತ್ರ. ವಾಟ ಕಡಿಮೆಯಾದಷ್ಟೂ ಶೀಟುಗಳ ಸೇರುವೆಯಲ್ಲಿ ನೀರು ಒಳನುಗ್ಗುವ ಸಂಭವ ಹೆಚ್ಚು. ಗೋದಾಮುಗಳಿಗೆ ಯೋಗ್ಯ, ಮೇಲಿನ 1ನೇ ಅಂಶಕ್ಕೆ ಒಳಪಟ್ಟಿರುತ್ತದೆ.

4. ಕಾಮಗಾರಿಯ ಪರೀಕ್ಷೆ

ಸೋರಿಕೆಯು ಬಹುಪಾಲು ಪ್ಯಾರಪೆಟ್ ಗೋಡೆಯ ಬುಡದಲ್ಲಿ ಹಾಗೂ ಕೊಳವೆಯ ಬಾಯಿಯಲ್ಲಿ ಆರಂಭವಾಗುತ್ತದೆ. ಜಲನಿರೋಧಕ ಪದರವು ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಏರಿರಬೇಕು. ಅಂತಿಮ ಹಣ ಪಾವತಿಗೆ ಮುನ್ನ ಕೊಳವೆಗಳನ್ನು ಮುಚ್ಚಿ, ತಾರಸಿಯ ಮೇಲೆ 48 ಗಂಟೆಗಳ ಕಾಲ ನೀರು ನಿಲ್ಲಿಸಿ ಕೆಳಭಾಗವನ್ನು ಪರೀಕ್ಷಿಸತಕ್ಕದ್ದು. ಕಟ್ಟಡವು ಈ ಭಾರವನ್ನು ತಾಳಬಲ್ಲದೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

5. ಅನುಮತಿ

ಅರ್ಜಿಯನ್ನು ಸಕ್ಷಮ ಪ್ರಾಧಿಕಾರಿಗೆ ಸಲ್ಲಿಸತಕ್ಕದ್ದು. ಪ್ರಾಧಿಕಾರಿಯು ಅದನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರದ ಶಿಫಾರಸಿಗೆ ಎರಡು ತಿಂಗಳು, ತದನಂತರದ ಆದೇಶಕ್ಕೆ ಒಂದು ತಿಂಗಳ ಅವಧಿಯನ್ನು ಅಧಿನಿಯಮವು ನಿಗದಿಪಡಿಸಿದೆ. ಜೂನ್ ತಿಂಗಳ ಮಳೆಗೆ ಮುನ್ನ ಕೆಲಸ ಮುಗಿಯಬೇಕಾದರೆ ಹಿಂದಿನ ನವೆಂಬರ್ ಅಥವಾ ಡಿಸೆಂಬರ್‌ನಲ್ಲಿಯೇ ಅರ್ಜಿ ಸಲ್ಲಿಸುವುದು ಉತ್ತಮ. ಸ್ಥಳೀಯ ಸಂಸ್ಥೆಯ ಪರವಾನಗಿಯು ಈ ಅನುಮತಿಗೆ ಬದಲಿಯಲ್ಲ. ಅನುಮತಿಯಿಲ್ಲದ ನಿರ್ಮಾಣಕ್ಕೆ ಎರಡು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶವಿದೆ.