ಭಾನುವಾರ ಮುಂಬೈಯಿಂದ ಊರಿಗೆ ಹೊರಡುವವರು ಗಮನಿಸಿ: ಮೆಗಾ ಬ್ಲಾಕ್ ಅಂದ್ರೆ ಏನು, ಯಾವ ಲೈನ್ ಯಾವುದು?

ಕುಂದಾಪುರ: ಮುಂಬೈಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ, ಅಂದರೆ ಊರಿನವರು ಕುರ್ಲಾ ಟರ್ಮಿನಸ್ ಎನ್ನುವ ಎಲ್‌ಟಿಟಿಯಿಂದ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುವುದು ಮಧ್ಯಾಹ್ನ 3.20ರ ಹೊತ್ತಿಗೆ. ಭಾನುವಾರ ಲೋಕಲ್ ರೈಲುಗಳಿಗೆ ಹಾಕುವ ಮೆಗಾ ಬ್ಲಾಕ್ ಸಾಮಾನ್ಯವಾಗಿ ಶುರುವಾಗುವುದು ಬೆಳಿಗ್ಗೆ 11ರ ಆಸುಪಾಸು, ಮುಗಿಯುವುದು ಸಂಜೆ 4ರ ಆಸುಪಾಸು. ಮದುವೆ, ಕೋಲ, ಜಾತ್ರೆ ಎಂದು ಭಾನುವಾರ ಊರಿಗೆ ಹೊರಟವರು ಲಗೇಜ್ ಹಿಡಿದು ಲೋಕಲ್ ಹತ್ತುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ಮತ್ಸ್ಯಗಂಧ ತಪ್ಪಿದರೆ ಟಿಕೆಟ್ ಹಣ ಹೋದ ಹಾಗೆ, ಮರುದಿನಕ್ಕೆ ಸೀಟು ಸಿಗುವ ಖಾತ್ರಿಯೂ ಇಲ್ಲ.

ಬ್ಲಾಕ್‌ನ ಮಾಹಿತಿ ವಾರಾಂತ್ಯಕ್ಕೆ ಮೊದಲೇ ಪ್ರಕಟವಾಗುತ್ತದೆ. ಆದರೆ ಅದನ್ನು ಬರೆಯುವುದು ದಿನಾ ಓಡಾಡುವವರಿಗೆ, ವರ್ಷಕ್ಕೊಮ್ಮೆ ಹೋಗಿ ಬರುವವರಿಗೆ ಅಲ್ಲ. 'ಮಾಟುಂಗಾ-ಮುಲುಂಡ್ ಅಪ್ ಮತ್ತು ಡೌನ್ ಫಾಸ್ಟ್ ಲೈನ್' ಎಂದು ಒಂದು ಸಾಲು ಇರುತ್ತದೆ. ಲೈನ್‌ಗಳ ಹೆಸರು ಗೊತ್ತಿಲ್ಲದಿದ್ದರೆ ಆ ಸಾಲಿನಿಂದ ಏನೂ ಪ್ರಯೋಜನ ಇಲ್ಲ.

ಬ್ಲಾಕ್ ಯಾಕೆ ಹಗಲಿನಲ್ಲೇ?

ಮುಂಬೈ ಲೋಕಲ್ ನಿಲ್ಲುವುದು ಮಧ್ಯರಾತ್ರಿ ಕಳೆದ ಮೇಲೆ ಬರೀ ಎರಡು ಮೂರು ಗಂಟೆ. ಹಳಿ ಬದಲಿಸಲು, ಸಿಗ್ನಲ್ ನೋಡಲು, ಮೇಲಿನ ವಿದ್ಯುತ್ ತಂತಿ ಸರಿ ಮಾಡಲು ಅಷ್ಟು ಸಮಯ ಸಾಲದು. ತಂತಿ ಮುಟ್ಟಬೇಕಾದರೆ ಕರೆಂಟೂ ತೆಗೆಯಬೇಕು. ಭಾನುವಾರ ಆಫೀಸಿಗೆ ಹೋಗುವವರು ಕಡಿಮೆ, ರೈಲುಗಳೂ ಕಡಿಮೆ. ಹಾಗಾಗಿ ಆ ದಿನ ನಾಲ್ಕೈದು ಗಂಟೆ ಒಂದೊಂದು ತುಂಡು ಮಾರ್ಗ ಬಂದ್ ಮಾಡುತ್ತಾರೆ. ಸೆಂಟ್ರಲ್ ರೈಲ್ವೆಯವರು ಇದಕ್ಕೆ ಮೆಗಾ ಬ್ಲಾಕ್ ಎನ್ನುತ್ತಾರೆ, ವೆಸ್ಟರ್ನ್‌ನವರು ಜಂಬೋ ಬ್ಲಾಕ್ ಎನ್ನುತ್ತಾರೆ. ಎರಡೂ ಒಂದೇ.

ದೊಡ್ಡ ಕೆಲಸವಿದ್ದರೆ ನಾಲ್ಕೈದು ಗಂಟೆಗೆ ಮುಗಿಯುವುದಿಲ್ಲ. 2022ರ ನವೆಂಬರ್‌ನಲ್ಲಿ ಕಾರ್ನಾಕ್ ಸೇತುವೆ ಕೆಡವಲು 27 ಗಂಟೆ ಬ್ಲಾಕ್ ಹಾಕಿದ್ದರು. 2024ರ ಮೇ ಕೊನೆಯಲ್ಲಿ ಥಾಣೆಯ ಪ್ಲಾಟ್‌ಫಾರಂ ಅಗಲ ಮಾಡಲು ಹಾಕಿದ್ದು 63 ಗಂಟೆ.

ಹೆಸರಿನ ಮಂಡೆಬಿಸಿ

ವೆಸ್ಟರ್ನ್ ಲೈನ್ ಸುಲಭ. ಚರ್ಚ್‌ಗೇಟ್‌ನಿಂದ ದಾದರ್, ಅಂಧೇರಿ, ಬೋರಿವಲಿ, ವಿರಾರ್, ಅಲ್ಲಿಂದ ಡಹಾಣುವರೆಗೆ ಒಂದೇ ದಾರಿ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ, ಅಂದರೆ ಹಳಬರ ವಿಟಿಯಿಂದ, ಕಲ್ಯಾಣ್‌ವರೆಗೆ ಬಂದು ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ಎಂದು ಕವಲಾಗುತ್ತದೆ. ಪ್ರಕಟಣೆಯಲ್ಲಿ 'ಮೇನ್ ಲೈನ್' ಎಂದಿದ್ದರೆ ಅದು ಈ ಸೆಂಟ್ರಲ್ ಲೈನೇ.

ಹಾರ್ಬರ್ ಲೈನ್‌ಗೆ ಹೆಸರು ಬಂದದ್ದು ಬಂದರಿನ ಪಕ್ಕ ಹೋಗುವುದರಿಂದ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಟಿಯಿಂದ ಕುರ್ಲಾಕ್ಕೆ ಓಡಿದ್ದು ಇದೇ ದಾರಿಯಲ್ಲಿ. ಈಗ ವಡಾಲಾದಲ್ಲಿ ಇದು ಎರಡಾಗಿ, ಒಂದು ಕುರ್ಲಾ, ವಾಶಿ ಮೇಲೆ ಪನ್ವೇಲ್‌ಗೆ, ಇನ್ನೊಂದು ಬಾಂದ್ರಾ, ಅಂಧೇರಿ ಮೇಲೆ ಗೋರೆಗಾಂವ್‌ಗೆ ಹೋಗುತ್ತದೆ. ಗೋರೆಗಾಂವ್‌ಗೂ ಬಂದರಿಗೂ ಏನು ಸಂಬಂಧ ಎಂದು ಕೇಳಬೇಡಿ, ಅದೂ ಹಾರ್ಬರೇ.

ಟ್ರಾನ್ಸ್-ಹಾರ್ಬರ್ ಎನ್ನುವುದು ಬೇರೆಯೇ ಲೈನ್. ಥಾಣೆಯಿಂದ ವಾಶಿ, ನೆರುಲ್, ಪನ್ವೇಲ್ ಕಡೆಗೆ ಹೋಗುವ ಇದು ಸಿಎಸ್‌ಎಂಟಿಗೆ ಬರುವುದೇ ಇಲ್ಲ. ಅಟಲ್ ಸೇತುವನ್ನೂ ಮೊದಲು ಟ್ರಾನ್ಸ್ ಹಾರ್ಬರ್ ಲಿಂಕ್ ಎನ್ನುತ್ತಿದ್ದರು. ಅದು ವಾಹನಗಳ ಸೇತುವೆ, ಅದರ ಮೇಲೆ ರೈಲಿಲ್ಲ.

ಅಪ್ ಎಂದರೆ ಸಿಎಸ್‌ಎಂಟಿ ಅಥವಾ ಚರ್ಚ್‌ಗೇಟ್ ಕಡೆಗೆ, ಡೌನ್ ಎಂದರೆ ಅಲ್ಲಿಂದ ಹೊರಗೆ. ಸೆಂಟ್ರಲ್‌ನ ಬೋರ್ಡಿನಲ್ಲಿ ಊರಿನ ಜಾಗದಲ್ಲಿ ಎನ್ ಇದ್ದರೆ ಕಸಾರಾ, ಎಸ್ ಇದ್ದರೆ ಕರ್ಜತ್. ಅದೇ ಎಸ್ ಫಾಸ್ಟ್-ಸ್ಲೋ ತೋರಿಸುವ ಜಾಗದಲ್ಲಿದ್ದರೆ ಸ್ಲೋ. ಹೊಸಬರು ತಪ್ಪುವುದು ಇಲ್ಲೇ. ದಾದರ್‌ನಲ್ಲಿ ಮಾತ್ರ ಒಂದು ತೊಂದರೆ ಕಮ್ಮಿಯಾಗಿದೆ. ಮೊದಲು ವೆಸ್ಟರ್ನ್‌ಗೂ ಸೆಂಟ್ರಲ್‌ಗೂ ಒಂದೊಂದು 'ಒಂದನೇ ಪ್ಲಾಟ್‌ಫಾರಂ' ಇತ್ತು. 2023ರ ಡಿಸೆಂಬರ್‌ನಿಂದ ವೆಸ್ಟರ್ನ್‌ಗೆ 1ರಿಂದ 7, ಸೆಂಟ್ರಲ್‌ಗೆ 8ರಿಂದ 14 ಎಂದು ಒಂದೇ ಸಾಲಿನ ನಂಬರ್ ಕೊಟ್ಟಿದ್ದಾರೆ.

ಎಲ್ಲಿದ್ದವರು ಏನು ಮಾಡಬೇಕು?

ಡೊಂಬಿವಲಿ, ಕಲ್ಯಾಣ್ ಕಡೆಯವರು ಎಲ್‌ಟಿಟಿವರೆಗೆ ಹೋಗುವ ಅಗತ್ಯವೇ ಇಲ್ಲ. ಮತ್ಸ್ಯಗಂಧ ಥಾಣೆಯಲ್ಲಿ ನಿಲ್ಲುತ್ತದೆ. ಮಾಟುಂಗಾ-ಮುಲುಂಡ್ ಬ್ಲಾಕ್ ಇದ್ದ ದಿನ ಫಾಸ್ಟ್ ರೈಲುಗಳನ್ನು ಸ್ಲೋ ಹಳಿಗೆ ಹಾಕುತ್ತಾರೆ, ಹದಿನೈದು ಇಪ್ಪತ್ತು ನಿಮಿಷ ತಡವಾಗುವುದು ಮಾಮೂಲು. ಥಾಣೆಯಲ್ಲೇ ಹತ್ತಿದರೆ ಆ ತುಂಡನ್ನು ಲೋಕಲ್‌ನಲ್ಲಿ ದಾಟುವ ಪ್ರಶ್ನೆಯೇ ಬರುವುದಿಲ್ಲ. ಬ್ಲಾಕ್ ಥಾಣೆ-ಕಲ್ಯಾಣ್ ನಡುವೆ ಇದ್ದರೆ ಮಾತ್ರ ಬೇಗ ಹೊರಡಬೇಕು.

ನವಿ ಮುಂಬೈಯವರಿಗೆ ಪನ್ವೇಲ್ ಇದೆ, ಅಲ್ಲೂ ಮತ್ಸ್ಯಗಂಧಕ್ಕೆ ನಿಲುಗಡೆ ಉಂಟು. ಹಾರ್ಬರ್‌ನಲ್ಲಿ ಬ್ಲಾಕ್ ಎಂದರೆ ತಡ ಅಲ್ಲ, ಆ ತುಂಡಿನಲ್ಲಿ ರೈಲೇ ಇಲ್ಲ, ಯಾಕೆಂದರೆ ಅಲ್ಲಿರುವುದು ಹೋಗಲೊಂದು, ಬರಲೊಂದು ಹಳಿ ಮಾತ್ರ. ಕುರ್ಲಾ-ವಾಶಿ ಬಂದ್ ಇದ್ದರೆ ಎಲ್‌ಟಿಟಿ ಪಕ್ಕದ ತಿಲಕ್ ನಗರ ಸ್ಟೇಷನ್‌ಗೆ ಆ ಕಡೆಯಿಂದ ಲೋಕಲ್ ಬರುವುದಿಲ್ಲ. ಪನ್ವೇಲ್-ವಾಶಿ ಬಂದ್ ಇದ್ದರೆ ಪನ್ವೇಲ್‌ನ ಟ್ರಾನ್ಸ್-ಹಾರ್ಬರ್ ರೈಲೂ ಇರುವುದಿಲ್ಲ, ಪನ್ವೇಲ್‌ಗೆ ರಸ್ತೆಯಲ್ಲೇ ಹೋಗಬೇಕು.

ಆದರೆ ಹತ್ತುವ ಸ್ಟೇಷನ್ ಬದಲಿಸುವುದಾದರೆ ಟಿಕೆಟ್‌ನಲ್ಲೂ ಬದಲಿಸಬೇಕು. ಐಆರ್‌ಸಿಟಿಸಿಯಲ್ಲಿ 'ಬೋರ್ಡಿಂಗ್ ಪಾಯಿಂಟ್' ಬದಲಾವಣೆ ಶನಿವಾರ ಬೆಳಿಗ್ಗೆಯೇ ಮಾಡಿಟ್ಟರೆ ಒಳ್ಳೆಯದು. ಒಮ್ಮೆ ಥಾಣೆ ಎಂದು ಮಾಡಿದ ಮೇಲೆ ಎಲ್‌ಟಿಟಿಯಲ್ಲಿ ಹತ್ತುವ ಹಕ್ಕು ಇರುವುದಿಲ್ಲ. ಬದಲಿಸದೆ ಥಾಣೆಯಲ್ಲಿ ಕಾದರೆ ಟಿಟಿಇ ಸೀಟನ್ನು ಬೇರೆಯವರಿಗೆ ಕೊಟ್ಟಿರಬಹುದು.

ವಿರಾರ್, ಬೋರಿವಲಿ, ಅಂಧೇರಿಯವರದ್ದೇ ಕಷ್ಟ ಜಾಸ್ತಿ. ದಾದರ್‌ನಲ್ಲಿ ಬದಲಾಯಿಸಿದರೆ ವೆಸ್ಟರ್ನ್‌ನ ಬ್ಲಾಕೂ ತಾಗಬಹುದು, ಸೆಂಟ್ರಲ್‌ನದ್ದೂ ತಾಗಬಹುದು. ಅಂಧೇರಿಯಲ್ಲಿ ಇಳಿದು ಮೆಟ್ರೋದಲ್ಲಿ ಘಾಟ್ಕೋಪರ್‌ಗೆ ಬಂದು, ಅಲ್ಲಿಂದ ಆಟೋ ಹಿಡಿಯುವುದು ವಾಸಿ. ಲೋಕಲ್ ಹಳಿಯ ಬ್ಲಾಕ್‌ಗೂ ಮೆಟ್ರೋಗೂ ಸಂಬಂಧ ಇಲ್ಲ.

ರಾತ್ರಿ ಹೊರಡುವ ಮಂಗಳೂರು ಎಕ್ಸ್‌ಪ್ರೆಸ್‌ನವರಿಗೆ ಅಷ್ಟು ತೊಂದರೆ ಇಲ್ಲ, ಅಷ್ಟೊತ್ತಿಗೆ ಬ್ಲಾಕ್ ಮುಗಿದಿರುತ್ತದೆ. ಆದರೆ ಸಿಎಸ್‌ಎಂಟಿಯ ಪ್ಲಾಟ್‌ಫಾರಂ ಕೆಲಸದ ಕಾಲದಲ್ಲಿ ಆ ರೈಲನ್ನು ಥಾಣೆಯಲ್ಲೇ ನಿಲ್ಲಿಸಿದ್ದೂ ಇದೆ. ಎಲ್ಲಿಂದ ಹೊರಡುತ್ತದೆ ಎಂದು ಟಿಕೆಟ್‌ನಲ್ಲಿ ನೋಡಿಕೊಳ್ಳಿ.

ಮಾಲು ತರಲು ಹೋಗುವ ಅಂಗಡಿಯವರಿಗೂ ಒಂದು ಮಾತು. ಸಿಎಸ್‌ಎಂಟಿ-ವಿದ್ಯಾವಿಹಾರ್ ಸ್ಲೋ ಲೈನ್ ಬ್ಲಾಕ್ ಇದ್ದರೆ ಸೆಂಟ್ರಲ್‌ನ ರೈಲುಗಳು ಮಸೀದ್ ಸ್ಟೇಷನ್‌ನಲ್ಲಿ ನಿಲ್ಲುವುದಿಲ್ಲ, ಭಾಯ್ಖಳಾದಲ್ಲಿ ಅಥವಾ ಸಿಎಸ್‌ಎಂಟಿಯಲ್ಲಿ ಇಳಿಯಬೇಕು. ಹೇಗಿದ್ದರೂ ಅಲ್ಲಿನ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಭಾನುವಾರ ಬಾಗಿಲು ಹಾಕಿರುತ್ತವೆ. ಶನಿವಾರ ರಾತ್ರಿ ಇಲ್ಲಿಂದ ಹೊರಟು ಭಾನುವಾರ ಖರೀದಿ ಮುಗಿಸುವ ಲೆಕ್ಕ ಹಾಕದೆ, ಸೋಮವಾರ ಬೆಳಿಗ್ಗೆ ತಲುಪುವ ಹಾಗೆ ಟಿಕೆಟ್ ಮಾಡಿ.