ಹರಪನಹಳ್ಳಿ ತಾಲೂಕಿನಲ್ಲಿ ಅಕ್ಷರ ದಾಸೋಹ

ಅಕ್ಷರ ದಾಸೋಹವು ಕರ್ನಾಟಕದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ನೀಡುವ ಯೋಜನೆಯಾಗಿದೆ. ಅಪೌಷ್ಟಿಕತೆಯನ್ನು ತಡೆಯುವುದು ಮತ್ತು ಹಾಜರಾತಿಯನ್ನು ಹೆಚ್ಚಿಸುವುದು ಇದರ ಉದ್ದೇಶ. ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ತಾಲೂಕಿಗೆ ಇದು ನೆರೆಯ ತಾಲೂಕುಗಳಿಗಿಂತ ತಡವಾಗಿ ತಲುಪಿತು.

ಹಿನ್ನೆಲೆ

ಯೋಜನೆಯು ೨೦೦೨ರ ಜೂನ್‌ನಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಆರಂಭವಾಯಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ತಾಲೂಕುಗಳು ಇದರ ವ್ಯಾಪ್ತಿಗೆ ಬಂದವು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ಹೊರಗುಳಿಯಿತು. ೨೦೦೩-೦೪ನೇ ಸಾಲಿನಲ್ಲಿ ಯೋಜನೆಯು ಉಳಿದ ಜಿಲ್ಲೆಗಳಿಗೆ ವಿಸ್ತರಿಸಿದಾಗ ಇಲ್ಲಿನ ಶಾಲೆಗಳಿಗೂ ಬಿಸಿಯೂಟ ಬಂದಿತು. ಮುಂದೆ ಬಳ್ಳಾರಿಗೆ ಮರಳಿದ ತಾಲೂಕು ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು.

ವೆಚ್ಚ

ಆಹಾರಧಾನ್ಯವನ್ನು ಕೇಂದ್ರ ಸರ್ಕಾರ ಒದಗಿಸುತ್ತದೆ. ಬೇಳೆ, ತರಕಾರಿ, ಎಣ್ಣೆ, ಇಂಧನಗಳ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು ೬೦:೪೦ರ ಅನುಪಾತದಲ್ಲಿ ಭರಿಸುತ್ತವೆ. ೨೦೧೩ರ ಆಗಸ್ಟ್ ೧ರಂದು ಆರಂಭವಾದ ಕ್ಷೀರಭಾಗ್ಯದಡಿ ಪ್ರತಿ ಮಗುವಿಗೆ ೧೫೦ ಮಿ.ಲೀ. ಹಾಲು ದೊರೆಯುತ್ತದೆ. ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ವಿತರಣೆಯನ್ನು ೨೦೨೪ರಲ್ಲಿ ಆರು ದಿನಗಳಿಗೆ ಹೆಚ್ಚಿಸಲಾಯಿತು. ಹೆಚ್ಚುವರಿ ನಾಲ್ಕು ದಿನಗಳ ವೆಚ್ಚ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಮೊಟ್ಟೆಯೊಂದಕ್ಕೆ ನಿಗದಿಯಾದ ೬ ರೂಪಾಯಿಯಲ್ಲಿ ಖರೀದಿ, ಬೇಯಿಸುವಿಕೆ, ಸಿಪ್ಪೆ ಸುಲಿಯುವಿಕೆ ಎಲ್ಲವೂ ಸೇರಿವೆ. ಪೇಟೆ ದರ ಏರಿದಾಗ ಈ ಮೊತ್ತ ಸಾಲದೆ, ವ್ಯತ್ಯಾಸದ ಹೊರೆ ಮುಖ್ಯ ಶಿಕ್ಷಕರ ಮೇಲೆ ಬೀಳುತ್ತದೆ ಎಂಬುದು ರಾಜ್ಯದ ಶಿಕ್ಷಕರ ದೂರು.