ಲಾಭಾಂಶದ ತಿಥಿಗಳು: ರೋಣ-ನರಗುಂದ-ಗಜೇಂದ್ರಗಡ ಸೀಮೆಯಿಂದ ಒಂದು ಅವಲೋಕನ

ಪಾಲುಬಂಡವಾಳದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮೊತ್ತಗಳನ್ನು ಗಣಿಸುವರು. ತಿಥಿಗಳ ಕಡೆಗೆ ಅವರ ಲಕ್ಷ್ಯ ಹರಿಯುವುದು ವಿರಳ. ಶೇರನ್ನು ಹೊಸದಾಗಿ ಕೊಳ್ಳುವ ವಿದ್ಯಾರ್ಥಿಯಾದರೋ ಮೊದಲು ಎಡವುವುದು ತಿಥಿಯಲ್ಲಿಯೇ.

ನಮ್ಮ ಸೀಮೆಗೆ ಈ ವಿಷಯವು ಅಪರಿಚಿತವಾದುದಲ್ಲ. ರೋಣ, ನರಗುಂದಗಳ ಎರೆಭೂಮಿಯು ಹತ್ತಿಯ ಭೂಮಿ. 1861ರಲ್ಲಿ ಅಮೇರಿಕೆಯ ಅಂತರ್ಯುದ್ಧವು ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ, ಧಾರವಾಡ ಪ್ರಾಂತದ ಅರಳೆಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರದ ಮೂಲಕ ಮುಂಬಯಿಗೆ ಸಾಗಿತು. ನರಗುಂದದ ಸಂಸ್ಥಾನವು 1858ರ ಬಂಡಾಯದಲ್ಲಿ ಅಳಿದು ಆಗ ಕೆಲವೇ ವರ್ಷಗಳು ಕಳೆದಿದ್ದುವು. ಮುಂಬಯಿಯಲ್ಲಿ ಸೇರಿದ ಹತ್ತಿಯ ಹಣವು ಶೇರುಗಳ ಹುಚ್ಚಾಗಿ ಪರಿಣಮಿಸಿತು. ಬ್ಯಾಕ್ ಬೇ ಕಂಪನಿಯಂತಹ ಸಂಸ್ಥೆಗಳು ಒಂದು ಕಾಸಿನ ಲಾಭವನ್ನೂ ಗಳಿಸುವ ಮೊದಲೇ ಅವುಗಳ ಶೇರುಗಳು ಹಲವು ಪಟ್ಟು ಬೆಲೆಗೆ ಕೈಬದಲಾದುವು. ಈ ವ್ಯವಹಾರಗಳಲ್ಲಿ ಅನೇಕವು ಗಡುವಿನ ಕರಾರುಗಳು. ಹಣ ಸಲ್ಲಿಸತಕ್ಕ ದಿನ 1865ನೆಯ ಜುಲೈ 1. ಆ ವರ್ಷದ ವಸಂತದಲ್ಲಿ ಯುದ್ಧವು ಮುಗಿದು ಹತ್ತಿಯ ಬೆಲೆಯು ಕುಸಿಯಿತು. ಗಡುವಿನ ದಿನ ಬಂದಾಗ ಕೊಡುವವರಿಲ್ಲವಾದರು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೇ ಸಹ ಮುಚ್ಚಬೇಕಾಯಿತು. ಎರೆಹೊಲದ ಒಕ್ಕಲಿಗನು ಶೇರನ್ನು ಕಂಡವನಲ್ಲ. ಆದರೂ ಬೆಲೆಯಿಳಿತದ ಭಾರವು ಅವನ ಮೇಲೂ ಬಿದ್ದಿತು. ಮುಂಬಯಿಯ ದಲಾಲರು ತಮ್ಮ ಸಂಘವನ್ನು ಕಟ್ಟಿಕೊಂಡದ್ದು 1875ರಲ್ಲಿ.

ಇದಕ್ಕೆ ತೀರ ಭಿನ್ನವಾದ ಪಾಲುಗಾರಿಕೆಯು ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಉದಯಿಸಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿ ಮೊದಲನೆಯದೆಂದು ಮಾನ್ಯವಾಗಿದೆ. 1904ರ ಅಧಿನಿಯಮವು ಗ್ರಾಮೀಣ ಸಂಘಗಳಿಗೆ ಲಾಭಾಂಶವನ್ನು ನಿಷೇಧಿಸಿತ್ತು: ಲಾಭವೆಲ್ಲ ಕಾಯ್ದಿಟ್ಟ ನಿಧಿಗೆ ಹೋಗತಕ್ಕದ್ದು, ನಿಧಿಯು ಉಪನಿಯಮದ ಮಿತಿಯನ್ನು ಮೀರಿದ ಮೇಲೆಯೇ ಸದಸ್ಯರಿಗೆ ಬೋನಸು. ಪಟ್ಟಣದ ಸಂಘಗಳಾದರೆ ಕಾಲುಭಾಗವನ್ನು ನಿಧಿಗಿಟ್ಟು ಉಳಿದುದನ್ನು ಹಂಚಬಹುದಿತ್ತು. ಹಳ್ಳಿಯ ಪಾಲುಗಾರನಿಗೆ ಲಾಭಾಂಶದ ತಿಥಿಗಿಂತ ಸಾಲದ ಕಂತಿನ ತಿಥಿಯೇ ಮುಖ್ಯವಾಗಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

ಕಂಪನಿಗಳಲ್ಲಿ ಪರಿಸ್ಥಿತಿಯು ಬೇರೆ. ನಿರ್ದೇಶಕ ಮಂಡಲಿಯು ಲಾಭಾಂಶವನ್ನು ಶಿಫಾರಸು ಮಾಡುವುದು. ವಾರ್ಷಿಕ ಸಭೆಯು ಅದನ್ನು ಘೋಷಿಸುವುದು. ಸಭೆಯು ಮೊತ್ತವನ್ನು ಇಳಿಸಬಹುದೇ ಹೊರತು ಏರಿಸಲಾಗದು. ಘೋಷಣೆಯಾದ ಮಾತ್ರಕ್ಕೆ ಹಣವು ಎಲ್ಲರಿಗೂ ಸಲ್ಲದು. ಗೊತ್ತುಪಡಿಸಿದ ದಾಖಲೆ ದಿನದಂದು ಯಾರ ಹೆಸರು ಸದಸ್ಯರ ವಹಿಯಲ್ಲಿರುವುದೋ ಅವರೇ ಅಧಿಕಾರಿಗಳು. ಕಾಗದದ ಶೇರುಪತ್ರಗಳ ಕಾಲದಲ್ಲಿ ಇದಕ್ಕಾಗಿ ವಹಿಯನ್ನೇ ಕೆಲದಿನ ಮುಚ್ಚುತ್ತಿದ್ದರು. 1956ರ ಅಧಿನಿಯಮದಂತೆ ಏಳು ದಿನ ಮುಂಚಿತವಾಗಿ ವೃತ್ತಪತ್ರಿಕೆಯಲ್ಲಿ ಪ್ರಕಟಿಸಿ, ಒಮ್ಮೆಗೆ 30 ದಿನ, ವರ್ಷಕ್ಕೆ ಒಟ್ಟು 45 ದಿನ ಮೀರದಂತೆ ಮುಚ್ಚಬಹುದಿತ್ತು. ಕೊಂಡವನ ಪತ್ರವು ಅಂಚೆಯಲ್ಲಿಯೇ ಉಳಿದರೆ ಲಾಭಾಂಶವು ಮಾರಿದವನ ಪಾಲಾಗುತ್ತಿತ್ತು. ವ್ಯಾಜ್ಯಗಳಿಗೆ ಇದು ಒಳ್ಳೆಯ ಬೀಜ!

1996ರ ಡಿಪಾಜಿಟರಿ ಅಧಿನಿಯಮದ ತರುವಾಯ ಶೇರುಗಳು ವಿದ್ಯುನ್ಮಾನ ಖಾತೆಗಳಿಗೆ ಸರಿದುವು. 2023ರ ಜನವರಿ 27ರಿಂದ ಎಲ್ಲ ಶೇರುಗಳಲ್ಲಿಯೂ ಕೊಂಡ ಮರುದಿನವೇ ವ್ಯವಹಾರವು ಇತ್ಯರ್ಥವಾಗುತ್ತಿದೆ. ಆದುದರಿಂದ ಲಾಭಾಂಶರಹಿತ ದಿನವೂ ದಾಖಲೆ ದಿನವೂ ಸಾಮಾನ್ಯವಾಗಿ ಒಂದೇ. ಗಜೇಂದ್ರಗಡದ ಒಬ್ಬ ಉಪಾಧ್ಯಾಯನು 50 ಶೇರುಗಳನ್ನು ಕೊಳ್ಳುವನೆಂದೂ, ಶೇರೊಂದಕ್ಕೆ 8 ರೂಪಾಯಿ ಲಾಭಾಂಶವೆಂದೂ, ದಾಖಲೆ ದಿನವು ಬುಧವಾರವೆಂದೂ, ನಡುವೆ ರಜೆಯಿಲ್ಲವೆಂದೂ ಭಾವಿಸೋಣ. ಮಂಗಳವಾರ ಕೊಂಡರೆ 400 ರೂಪಾಯಿ ಅವನದು. ಬುಧವಾರ ಕೊಂಡರೆ ಮಾರಿದವನದು. ಆದರೆ ಬುಧವಾರ ಬೆಲೆಯು ಸುಮಾರಾಗಿ ಲಾಭಾಂಶದಷ್ಟು ಇಳಿದೇ ಆರಂಭವಾಗುವುದು ವಾಡಿಕೆ. ಕೇವಲ ಆ 400 ರೂಪಾಯಿಗಾಗಿ ಮಂಗಳವಾರ ಓಡುವವನು ಒಂದು ಕೈಯಿಂದ ಪಡೆದುದನ್ನು ಇನ್ನೊಂದರಿಂದ ಕಳೆಯುವನು. ಮೇಲೆ 2020ರ ಏಪ್ರಿಲಿನಿಂದ ಲಾಭಾಂಶದ ಮೇಲಿನ ತೆರಿಗೆಯೂ ಪಡೆದವನದೇ.

ಉಳಿದುದು ಪಾವತಿಯ ದಿನ. 2013ರ ಅಧಿನಿಯಮದ ಮೇರೆಗೆ ಕಂಪನಿಯು ಘೋಷಣೆಯಿಂದ ಐದು ದಿನಗಳಲ್ಲಿ ಹಣವನ್ನು ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿಡಬೇಕು, 30 ದಿನಗಳಲ್ಲಿ ಕೊಡಬೇಕು. ಯಾರೂ ಕೇಳದೆ ಉಳಿದ ಹಣವು ಏಳು ವರ್ಷಗಳ ತರುವಾಯ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಸೇರುವುದು. ಏಳು ವರ್ಷ ಒಂದೇ ಸಮನೆ ಲಾಭಾಂಶವನ್ನು ಪಡೆಯದಿದ್ದರೆ ಶೇರುಗಳೂ ಅಲ್ಲಿಗೇ. ತೀರಿಹೋದ ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಶೇರುಪತ್ರವನ್ನು ಕಂಡ ವಾರಸುದಾರರು ಇಂದು ಅರ್ಜಿ ಸಲ್ಲಿಸತಕ್ಕದ್ದು ಆ ನಿಧಿಯ ಪ್ರಾಧಿಕಾರಕ್ಕೆ.